ಚಿತ್ರದ ಬೆನ್ನು ನೋಡುವವನು

ಮಗ ದಾವೊರನೂ ಸೊಸೆ ತಮಾರಾಳೂ ಪೆಟ್ಟಿಗೆ, ಹಾಸಿಗೆ, ಒಂದು ಕುಂಟು ಸೈಕಲ್ಲು ಸಮೇತ ಬಂದು ಸೇರಿಕೊಂಡ ಮೇಲೆ ಟಿಹೊಮಿರನ ಬೀರು ಚಿಕ್ಕ ಕೋಣೆಯಿಂದ ಕಾರಿಡಾರಿಗೆ ಬಂತು. ಅವರಿಬ್ಬರೂ ಇದ್ದ ಬಾಡಿಗೆ ಮನೆಯನ್ನು ಮಾಲೀಕ ಮಾರಿಬಿಟ್ಟಿದ್ದ. ಜಾಗ್ರೆಬಿನಲ್ಲಿ ಇನ್ನೊಂದು ಸಿಗುವವರೆಗೆ ಅಪ್ಪ ಅಮ್ಮನ ನಾಲ್ಕನೇ ಮಹಡಿಯೇ ಗತಿ. ಬೀರು ಎಂದರೆ ಬಟ್ಟೆಯ ಬೀರುವಲ್ಲ. ನಕ್ಷೆ ಇಡುವ ಕಚೇರಿಗಳಲ್ಲಿರುತ್ತದಲ್ಲ, ಅಂಥ ಅಗಲವಾದ ತೆಳು ಡ್ರಾಯರುಗಳ ಭಾರೀ ಮರದ ಸಾಮಾನು. ಅದು ಹೊರಗೆ ಬಂದ ದಿನದಿಂದ ಮನೆಯವರೆಲ್ಲ ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕಾಯಿತು.

ದಾವೊರ್ ಮೂರನೇ ಸಲ ಮೊಣಕಾಲು ತಗುಲಿಸಿಕೊಂಡ ದಿನ ಕೇಳಿಯೇಬಿಟ್ಟ. "ಅಪ್ಪ, ಇದನ್ನ ನೆಲಮಾಳಿಗೆಗೆ ಹಾಕೋಣ."

"ನಿನ್ನನ್ನ ಹಾಕ್ತೀನಿ ನೆಲಮಾಳಿಗೆಗೆ. ಅಲ್ಲಿ ತೇವ."

"ನನಗೆ ತೇವ ಆದ್ರೆ ಪರವಾಗಿಲ್ವಾ?"

"ನೀನೇನು ಶಾಯೀಲಿ ಬರೆದ ಚಿತ್ರ ಅಲ್ಲ."

ಟಿಹೊಮಿರ್ ಟ್ರಾಮ್ ಓಡಿಸಿ ನಿವೃತ್ತನಾದವನು. ಹರೆಯದಲ್ಲಿ, ಕೊನೆಯ ನಿಲ್ದಾಣದಲ್ಲಿ ಬಂಡಿ ಖಾಲಿಯಾದಾಗ, ಸೀಟಿನ ಮೇಲೆ ಯಾರೋ ಬಿಟ್ಟುಹೋದ ‘ಷೀಲೊ’ ವಾರಪತ್ರಿಕೆಯನ್ನು ಎತ್ತಿಕೊಂಡು ಓದುತ್ತಿದ್ದ. ಷೀಲೊ ಅಂದರೆ ದಬ್ಬಳ. ಹೆಸರಿಗೆ ತಕ್ಕಂತೆ ಚುಚ್ಚುವ ನಗೆಪತ್ರಿಕೆ, ನಿಂತುಹೋಗಿ ಬಹಳ ಕಾಲವಾಯಿತು. ಅದರ ಕೊನೆಯ ಪುಟದಲ್ಲಿ, ಲಾವೊ ಎಂದು ರುಜು ಹಾಕುತ್ತಿದ್ದ ಕಲಾವಿದನೊಬ್ಬ ‘ಬಾಡಿಗೆಯವಳು’ ಎಂಬ ವ್ಯಂಗ್ಯಚಿತ್ರ ಬರೆಯುತ್ತಿದ್ದ. ಹಳ್ಳಿಯಿಂದ ಬಂದು ಮುದುಕಿಯೊಬ್ಬಳ ಮನೆಯಲ್ಲಿ ಕೋಣೆ ಹಿಡಿದ ಹುಡುಗಿ ಅವಳು. ಮನೆಯೊಡತಿಯ ಜೊತೆ, ಕಟುಕನ ಜೊತೆ, ಸಾಲಿನಲ್ಲಿ ಮುಂದೆ ನುಗ್ಗುವವರ ಜೊತೆ, ಯಾರೂ ಸಿಗದಿದ್ದರೆ ಹೊಗೆಯಾಡುವ ಒಲೆಯ ಜೊತೆಗೂ ಜಗಳ. ಟಿಹೊಮಿರ್ ಅವಳಿಗೆ ಮನಸೋತಿದ್ದ. ಮದುವೆಯಾಗಿ, ಮಗ ಹುಟ್ಟಿ, ಕೈ ಸ್ವಲ್ಪ ಸಡಿಲವಾದ ಮೇಲೆ ಅಚ್ಚಾದ ಪುಟ ಬಿಟ್ಟು ಮೂಲಚಿತ್ರಗಳಿಗೇ ಗಂಟುಬಿದ್ದ. ಅಂದರೆ ಲಾವೊ ದಪ್ಪ ಹಾಳೆಯ ಮೇಲೆ ಕೈಯಾರೆ ಬರೆದು ಅಚ್ಚಿಗೆ ಕಳಿಸಿದವು. ಈಗ ‘ಬಾಡಿಗೆಯವಳು’ ಪೂರ್ತಿ ಇರುವುದು ಅವನೊಬ್ಬನ ಹತ್ತಿರ ಎಂದು ಊರಿನ ಸಂಗ್ರಾಹಕರೆಲ್ಲ ಒಪ್ಪುತ್ತಿದ್ದರು.

"ಇಂಥಾ ಹೆಂಗಸು ಕಾಗದದ ಮೇಲೆ ಮಾತ್ರ ಇರ್ತಾಳೆ" ಎನ್ನುವುದು ಊಟದ ಹೊತ್ತಿಗೆ ಅವನು ಆಡುತ್ತಿದ್ದ ಮಾತು. ಆಗೆಲ್ಲ ಹೆಂಡತಿ ನೆವೆಂಕಾ ಅವನ ತಟ್ಟೆಗೆ ಸೂಪು ಬಡಿಸುತ್ತಿರುತ್ತಿದ್ದಳು.

ಅವನು ಚಿತ್ರ ಕೊಳ್ಳುವ ರೀತಿಯೂ ನೋಡುವಂಥದ್ದು. ವಾರವಿಡೀ ತರಕಾರಿ ಮಾರುವ ಬ್ರಿಟಿಷ್ ಚೌಕದಲ್ಲಿ ಭಾನುವಾರ ಬೆಳಗ್ಗೆ ಹಳೇ ಸಾಮಾನು ಹರಡುತ್ತಾರೆ. ಅಲ್ಲಿ ಹಾಳೆ ಕೈಗೆ ಬಂದ ಕೂಡಲೇ ಮಗುಚಿ ಹಾಕುವನು. ಹಿಂಬದಿಯಲ್ಲಿ ಪತ್ರಿಕೆಯ ಮೊಹರು ಇದೆಯೇ, ಎಷ್ಟು ಕುಗ್ಗಿಸಬೇಕೆಂದು ಸಂಪಾದಕ ನೀಲಿ ಪೆನ್ಸಿಲಿನಲ್ಲಿ ಬರೆದ ಗುರುತು ಇದೆಯೇ, ಅಂಟಿನ ಕಲೆ ಹಳತೋ ಹೊಸತೋ, ಎಲ್ಲವನ್ನೂ ಭೂತಗನ್ನಡಿಯಲ್ಲಿ ನೋಡಿ, ಹಾಳೆಯನ್ನು ಮೂಸಿ, ಕೊನೆಗೊಮ್ಮೆ ತಿರುಗಿಸಿ ಒಂದು ಸಲ ನಕ್ಕು ಚೀಲಕ್ಕೆ ಸೇರಿಸುವನು. ಮುಂದಿನದು ಯಾರಿಗೆ ಬೇಕಾದರೂ ಕಾಣುತ್ತದೆ, ಅಸಲಿ ನಕಲಿ ಹೇಳುವುದು ಬೆನ್ನು ಎಂಬುದು ಅವನ ಸಿದ್ಧಾಂತ. ಮನೆಗೆ ಬಂದ ಮೇಲೆ ಎಲ್ಲಿ ಸಿಕ್ಕಿತು, ಯಾರ ಕೈಯಿಂದ ಬಂತು ಎಂದು ಅದೇ ಬೆನ್ನಿನ ಮೇಲೆ ತೆಳ್ಳಗೆ ಪೆನ್ಸಿಲಿನಲ್ಲಿ ಬರೆದು ಡ್ರಾಯರಿಗೆ ಹಾಕುವನು. ಯಾವ ಚಿತ್ರದ ಹಿಂದೆ ಯಾವ ಕಲೆ ಇದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ.

ಅವನಿಗೊಬ್ಬ ಎದುರಾಳಿ ಇದ್ದ. ಕಾರ್ಲೊ ವುಗ್ರಿನೆಟ್ಸ್ ಎಂದು ಹೆಸರು. ಔಷಧಿ ಅಂಗಡಿ ನಡೆಸಿ ಬಿಟ್ಟವನು, ಹೆಂಡತಿಯನ್ನು ಕಳೆದುಕೊಂಡವನು, ಭಾನುವಾರವೂ ಕತ್ತಿಗೆ ಚಿಟ್ಟೆ ಟೈ ಕಟ್ಟಿಕೊಂಡು ಚೌಕಕ್ಕೆ ಬರುವವನು. ಲಾವೊ ಮುಖಪುಟಕ್ಕಾಗಿ ಬಣ್ಣದಲ್ಲಿ ಬರೆದ ಕರಡಿ ಬೇಟೆಯ ಚಿತ್ರಗಳೆಲ್ಲ ಅವನ ಹತ್ತಿರವಿದ್ದವು. ಟಿಹೊಮಿರನಿಗೆ ಅವುಗಳ ನೆನಪಾದರೆ ಹೊಟ್ಟೆಯಲ್ಲಿ ಕೆಂಡ ಬೀಳುತ್ತಿತ್ತು. "ಬೇರೆಯವರ ಗಂಡಂದಿರು ಹೆಂಗಸರಿಗಾಗಿ ಹೊಟ್ಟೆ ಉರ್ಕೋತಾರೆ, ನನ್ನ ಗಂಡ ಕರಡಿಗಾಗಿ" ಎಂದು ನೆವೆಂಕಾ ಅಕ್ಕಪಕ್ಕದವರಿಗೆ ಹೇಳಿ ನಗಿಸುತ್ತಿದ್ದಳು.

ಅದು ಕರಡಿಗಳಲ್ಲೇ ನಿಂತಿದ್ದರೆ ಮನೆ ತಣ್ಣಗಿರುತ್ತಿತ್ತು.

ಬಡಾವಣೆಯ ಗ್ರಂಥಾಲಯದವರು ಡಿಸೆಂಬರಿನಲ್ಲಿ ‘ಬಾಡಿಗೆಯವಳು’ ಪ್ರದರ್ಶನ ಇಡೋಣ ಎಂದು ಕೇಳಿದರು. ಟಿಹೊಮಿರ್ ಅರ್ಧ ಅಡಿ ಎತ್ತರವಾದ. ಚಿತ್ರಗಳ ಕೆಳಗಿಡುವ ಚೀಟಿಗಳನ್ನು ಬರೆದುಕೊಡುತ್ತೇನೆಂದು ತಮಾರಾ ಒಪ್ಪಿಕೊಂಡಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಎದುರಿಗಿರುವವರ ಮುಖವನ್ನು ದಿಟ್ಟಿಸಿ ನೋಡುವುದೇ ಅವಳ ಕಸುಬು. ಒಂದು ಶನಿವಾರ ಅಡುಗೆಮನೆಯ ಮೇಜಿನ ಮೇಲೆ ಚಿತ್ರಗಳನ್ನು ಸಾಲಾಗಿ ಹರಡಿಕೊಂಡು ಕೂತಳು. ನೆವೆಂಕಾ ಒಲೆಯ ಮುಂದೆ ಸಾರಿಗೆ ಹಿಟ್ಟು ಹುರಿಯುತ್ತಿದ್ದಳು. ಎಂದಿನಂತೆ ಒಂದು ಕಾಲ ಮೇಲೆ ನಿಂತು, ಇನ್ನೊಂದು ಪಾದವನ್ನು ಮೀನಖಂಡಕ್ಕೆ ಒತ್ತಿಕೊಂಡು, ಕೊಕ್ಕರೆಯ ಹಾಗೆ.

ತಮಾರಾ ಚಿತ್ರ ನೋಡಿದಳು, ಅತ್ತೆಯನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು. ಆಮೇಲೆ ನಕ್ಕಳು.

"ಅತ್ತೆ, ಇದು ನೀವೇ ಅಲ್ವಾ?"

ನೆವೆಂಕಾ ತಿರುಗಲಿಲ್ಲ. "ಮೇಜು ಖಾಲಿ ಮಾಡಮ್ಮ. ತಟ್ಟೆ ಇಡಬೇಕು."

"ನೋಡಿ ಮಾವ, ಕಾಲು ನೋಡಿ. ಬೈಯೋವಾಗ ಗಲ್ಲ ಎತ್ತೋದು ನೋಡಿ. ಈ ಮೂಗಂತೂ ದಾವೊರನಿಗೂ ಬಂದಿದೆ."

ಟಿಹೊಮಿರ್ ನೋಡಿದ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಪ್ರತಿ ಹಾಳೆಯಲ್ಲೂ ಅವಳಿದ್ದಳು. ಸಾಲಿನಲ್ಲಿ ನಿಂತವಳು, ಕಟುಕನಿಗೆ ಬೆರಳು ತೋರಿಸುವವಳು, ಒಲೆಗೆ ಶಾಪ ಹಾಕುವವಳು. ಇವನು ಮದುವೆಯಾಗುವ ಮುಂಚಿನ ನೆವೆಂಕಾ. ಮದುವೆಗೆ ಮೊದಲು ಅವಳು ಟ್ರೆಶ್ನ್ಯೆವ್ಕಾ ಕಡೆ ಯಾವುದೋ ಅಜ್ಜಿಯ ಮನೆಯಲ್ಲಿ ಕೋಣೆ ಹಿಡಿದಿದ್ದಳೆಂದು ಅವನಿಗೆ ಗೊತ್ತಿತ್ತು. ಯಾವ ಅಜ್ಜಿ, ಆ ಮನೆಗೆ ಯಾರು ಬರುತ್ತಿದ್ದರು ಎಂದು ಕೇಳಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

"ಲಾವೊನ ಪರಿಚಯ ಇತ್ತಾ ನಿನಗೆ?" ಎಂದು ಕೇಳಿದ.

"ಮನೆಯೊಡತಿಯ ತಂಗಿ ಮಗ. ಗುರುವಾರ ಊಟಕ್ಕೆ ಬರ್ತಿದ್ದ" ಎಂದಳು ನೆವೆಂಕಾ. ಮಾತು ಅಲ್ಲಿಗೆ ಮುಗಿಸಿ ತಟ್ಟೆ ಇಟ್ಟಳು.

ಆವತ್ತಿನಿಂದ ಟಿಹೊಮಿರನಿಗೆ ಮನೆ ಊಟ ರುಚಿಸದಾಯಿತು. ಸಾರಿಗೆ ಉಪ್ಪು ಜಾಸ್ತಿ, ಬ್ರೆಡ್ಡು ನೆನ್ನೆಯದು, ಎಲೆಕೋಸಿನ ಸುರುಳಿಯೊಳಗೆ ಅಕ್ಕಿ ಬೆಂದಿಲ್ಲ. ನಲವತ್ತರ ಹತ್ತಿರದ ಮಗನೆದುರು ಅವನು ಗದ್ದಲ ಮಾಡುವಂತಿರಲಿಲ್ಲ, ಹಾಗಾಗಿ ಗೊಣಗುತ್ತಿದ್ದ. ನಡುನಡುವೆ, ಏನೂ ಗೊತ್ತಿಲ್ಲದವನ ಹಾಗೆ, ಗುರುವಾರಗಳಲ್ಲಿ ಆ ಮನೆಯಲ್ಲಿ ಏನಡುಗೆ ಮಾಡುತ್ತಿದ್ದರು ಎಂದು ಕೇಳುವನು. ಕೋಳಿ ಸೂಪು ಎಂದು ನೆವೆಂಕಾ ಉತ್ತರಿಸುವಳು. ಅವನಿಗೆ ಇಷ್ಟವಿತ್ತೋ ಎಂದು ಕೇಳುವನು. ಎಲ್ಲರಿಗೂ ಇಷ್ಟವೇ ಎನ್ನುವಳು. ಅದರ ಮರುಭಾನುವಾರ ಅವನು ಕೋಳಿ ಸೂಪು ಮುಟ್ಟಲಿಲ್ಲ.

ದಾವೊರನಿಗೆ ತಡೆಯಲಾಗಲಿಲ್ಲ. ತಂದೆಯನ್ನು ಬಾಲ್ಕನಿಗೆ ಕರೆದೊಯ್ದು ಸಿಗರೇಟು ಹಚ್ಚಿ ಹೇಳಿದ: "ಅಪ್ಪ, ಆ ಮನುಷ್ಯ ಸತ್ತು ಎಷ್ಟೋ ವರ್ಷ ಆಯ್ತು. ಯಾರ ಜೊತೆ ಕುಸ್ತಿ ಆಡ್ತಿದೀಯ?"

"ಸತ್ತೋನೇ ಕಷ್ಟ ಕಣೋ. ಅವನಿಗೆ ಹೊಟ್ಟೆ ಬರಲ್ಲ, ಬೋಳಾಗಲ್ಲ, ಗೊರಕೆ ಹೊಡೆಯಲ್ಲ."

"ನೀನು ಹೊಡೀತೀಯ, ಆದ್ರೂ ಅಮ್ಮ ಇಲ್ಲೇ ಇದಾಳೆ."

ಹೊಟ್ಟೆಕಿಚ್ಚಿಗೆ ಇಂಥ ಮಾತು ಔಷಧಿಯಾಗುವುದಿಲ್ಲ. ಟಿಹೊಮಿರ್ ಈಗ ಮೊದಲ ಸಲ ಚಿತ್ರಗಳ ಮುಂಭಾಗವನ್ನು ಗಮನವಿಟ್ಟು ನೋಡತೊಡಗಿದ್ದ. ಮಧ್ಯಾಹ್ನ ಎಲ್ಲರೂ ಹೊರಗೆ ಹೋದಾಗ ಕಾರಿಡಾರಿನಲ್ಲಿ ಸ್ಟೂಲು ಹಾಕಿಕೊಂಡು ಒಂದೊಂದೇ ಹಾಳೆ ತೆಗೆಯುವನು. ಕಟುಕನನ್ನು ಲಾವೊ ನಾಲ್ಕು ಗೀಟಿನಲ್ಲಿ ಗೀಚಿ ಮುಗಿಸಿದ್ದ. ಮನೆಯೊಡತಿ ಬರೀ ಶಾಲು ಮತ್ತು ಮೂಗು. ಆದರೆ ಇವಳ ಕುತ್ತಿಗೆಯ ಹಿಂದಿನ ಗೆರೆ ಮಾತ್ರ ಅವಸರವಿಲ್ಲದೆ, ಉಸಿರು ಬಿಗಿಹಿಡಿದು ಎಳೆದಂತಿತ್ತು. ಬಿಚ್ಚಿದ ಗುಂಡಿ, ಕಿವಿಯ ಹತ್ತಿರ ಅಂಟಿಕೊಂಡ ಒಂದೆಳೆ ಕೂದಲು, ಕಾಲುಚೀಲದ ಹೊಲಿಗೆ. ಈ ಗೆರೆಗಳನ್ನು ಎಳೆದವನ ಕೈ ಮುರಿಯಬೇಕೆನ್ನಿಸಿತು. ಇಷ್ಟು ಹೊತ್ತು ಅವಳನ್ನು ನೋಡುವ ಅಧಿಕಾರ ಅವನಿಗೆ ಕೊಟ್ಟವರು ಯಾರು?

ಕೊನೆಯ ಡ್ರಾಯರಿನಲ್ಲಿ ಒಂದು ಚಿತ್ರವಿತ್ತು. ಬಾಡಿಗೆಯವಳು ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಾಳೆ, ಬಾಯಿ ಸ್ವಲ್ಪ ತೆರೆದಿದೆ, ಒಂದು ಚಪ್ಪಲಿ ಜಾರಿ ಬಿದ್ದಿದೆ. ಕೆಳಗೆ ಮನೆಯೊಡತಿಯ ಮಾತು: ‘ಶ್, ಈಗ ಬಾಡಿಗೆ ಹೆಚ್ಚಿಸಿದರೆ ಜಗಳವಿಲ್ಲ.’ ಇದರ ಹಿಂದಿನ ಅಂಟಿನ ಕಲೆಯ ಬಗ್ಗೆ ಟಿಹೊಮಿರ್ ಚೌಕದಲ್ಲಿ ಎಷ್ಟೋ ಸಲ ಭಾಷಣ ಕೊಟ್ಟಿದ್ದ. ಈಗ ಅವನ ಕಣ್ಣಿಗೆ ಬಿದ್ದದ್ದು ಒಂದೇ: ಇವಳು ನಿದ್ದೆ ಹೋದದ್ದನ್ನು ಆ ಲಾವೊ ನೋಡಿದ್ದಾನೆ. ಟಿಹೊಮಿರ್ ಯಾರನ್ನೂ ಕೇಳಲಿಲ್ಲ. ಆ ಭಾನುವಾರ ಬೆಳಗ್ಗೆ ‘ಬಾಡಿಗೆಯವಳು’ ಪೂರ್ತಿಯನ್ನು ಎರಡು ರಟ್ಟಿನ ಮಧ್ಯೆ ಕಟ್ಟಿಕೊಂಡು ಚೌಕಕ್ಕೆ ಹೋದ.

ಕಾರ್ಲೊ ಮೊದಲು ನಂಬಲಿಲ್ಲ. ಗ್ರಂಥಾಲಯದವರಿಗೆ ಏನು ಹೇಳುತ್ತೀರಿ ಎಂದ. ಅವರಿಗೆ ಕರಡಿ ಸಾಕು ಎಂದ ಟಿಹೊಮಿರ್. ಬಣ್ಣದ ಮುಖಪುಟಗಳೆಲ್ಲ ಈಚೆ, ಬಾಡಿಗೆಯವಳು ಆಚೆ. ಚೌಕದ ಪದ್ಧತಿಯಂತೆ ಇಬ್ಬರು ಅಂಗಡಿಯವರ ಎದುರಿಗೆ ಕೈಗೆ ಕೈ ಹೊಡೆದರು. ಕೈ ಹೊಡೆದ ಮೇಲೆ ಅಲ್ಲಿ ವ್ಯವಹಾರ ಮುಗಿಯಿತು, ಆಮೇಲೆ ಅಳುವವನ ಜೊತೆ ಯಾರೂ ಮತ್ತೆ ವ್ಯಾಪಾರ ಮಾಡುವುದಿಲ್ಲ. ಬಹುಕಾಲ ಬಯಸಿದ ಕರಡಿಗಳು ಕಂಕುಳಲ್ಲಿದ್ದರೂ ಮನೆಗೆ ಬರುವ ದಾರಿಯಲ್ಲಿ ಟಿಹೊಮಿರನಿಗೆ ಸಂತೋಷವಾಗಲಿಲ್ಲ. ಹಾಗೆಂದು ಪಶ್ಚಾತ್ತಾಪವೂ ಆಗಲಿಲ್ಲ. ಮನೆಯಿಂದ ಒಬ್ಬ ಗಂಡಸನ್ನು ಹೊರಹಾಕಿದ ಹಾಗಿತ್ತು.

ಊಟವಾದ ಮೇಲೆ ಚೀಟಿ ಬರೆಯಲೆಂದು ತಮಾರಾ ಡ್ರಾಯರ್ ತೆಗೆದಳು. ಕರಡಿಗಳು ಹಲ್ಲು ಕಿರಿದವು.

"ಮಾವ, ಅವಳೆಲ್ಲಿ?"

ನೆವೆಂಕಾ ಎಂಜಲು ತಟ್ಟೆಗಳನ್ನು ಹಿಡಿದುಕೊಂಡೇ ಕಾರಿಡಾರಿಗೆ ಬಂದಳು. ಖಾಲಿ ಜಾಗ ನೋಡಿದಳು.

"ಕಾರ್ಲೊಗೆ ಕೊಟ್ಟೆ. ಬದಲಿಗೆ ಇವು ಬಂದವು" ಎಂದ ಟಿಹೊಮಿರ್.

"ನನ್ನನ್ನ ಕೇಳದೆ?"

"ನೀನು ಕೇಳಿದ್ಯಾ? ಅವನ ಮುಂದೆ ಕುರ್ಚಿ ಮೇಲೆ ಬಾಯಿ ಬಿಟ್ಕೊಂಡು ಮಲಗೋವಾಗ?"

ದಾವೊರ್ ಎದ್ದು ಬಾಲ್ಕನಿಯ ಕಡೆ ನೋಡಿದ, ಆದರೆ ಬೀರು ಅಡ್ಡವಿತ್ತು. ಹೋಗಲಾಗದೆ ಅಲ್ಲೇ ನಿಂತ.

ನೆವೆಂಕಾ ತಟ್ಟೆಗಳನ್ನು ಬೀರುವಿನ ಮೇಲೇ ಇಟ್ಟಳು. ಅಲ್ಲಿ ಲೋಟ ಇಟ್ಟರೂ ಟಿಹೊಮಿರ್ ಕೂಗಾಡುತ್ತಿದ್ದ, ಇವತ್ತು ಸುಮ್ಮನಿದ್ದ. ಆಗ ತನಗೆ ಕಾಲುಚೀಲದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಧ್ಯಾಹ್ನ ಸೂಪು ಬೇಯುವಷ್ಟರಲ್ಲಿ ಕೂತಲ್ಲೇ ನಿದ್ದೆ ಹತ್ತುತ್ತಿತ್ತು, ಅದೇ ಕೋಣೆಯಲ್ಲಿ ಮನೆಯೊಡತಿಯೂ ಅವಳ ಬೆಕ್ಕೂ ಇರುತ್ತಿದ್ದವು ಎಂದಳು. ಲಾವೊನ ಬೆರಳು ಇವಳನ್ನು ಯಾವತ್ತೂ ಮುಟ್ಟಿರಲಿಲ್ಲ. "ಮದುವೆ ಆಗ್ತೀಯಾ ಅಂತ ಒಂದು ಸಲ ಕೇಳಿದ. ಒಲ್ಲೆ ಅಂದೆ."

"ಯಾಕೆ ಒಲ್ಲೆ ಅಂದೆ?"

"ತುಂಬಾ ನೋಡ್ತಿದ್ದ. ಚಮಚ ಎತ್ತಿದ್ರೂ ನೋಡ್ತಿದ್ದ, ಇಳಿಸಿದ್ರೂ ನೋಡ್ತಿದ್ದ. ಇವನ ಜೊತೆ ಬಾಳಿದ್ರೆ ನೆಮ್ಮದಿಯಾಗಿ ಸೀನೋಕೂ ಆಗಲ್ಲ ಅನ್ನಿಸ್ತು. ಟ್ರಾಮ್ ಓಡಿಸೋನು ಹಳಿ ನೋಡ್ತಾನೆ, ನನ್ನ ಪಾಡಿಗೆ ನನ್ನ ಬಿಡ್ತಾನೆ ಅಂದ್ಕೊಂಡೆ." ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಬಿಟ್ಟೆ ನೀನು. ಚೆನ್ನಾಗೇ ಬಿಟ್ಟೆ."

ಟಿಹೊಮಿರ್ ತೆರೆದಿದ್ದ ಡ್ರಾಯರನ್ನು ಒಳಗೆ ತಳ್ಳಿದ.

"ಮೊದಲನೇ ಚಿತ್ರ ಮನೆಗೆ ತಂದೆಯಲ್ಲ, ಆವತ್ತು ಗುರುತು ಹಿಡೀತೀಯ ಅಂತ ಕಾದೆ. ನೀನು ಹಾಳೆ ಮಗುಚಿ ಮೊಹರು ತೋರಿಸಿದೆ. ಎರಡನೇದಕ್ಕೂ ಕಾದೆ. ಮೂರನೇದಕ್ಕೆ ತಲೆ ಕೂಡ ಬಾಚಿಕೊಂಡು ಕೂತಿದ್ದೆ. ಇಂಥವಳು ಕಾಗದದ ಮೇಲೆ ಮಾತ್ರ ಇರ್ತಾಳೆ ಅಂದೆ, ನಾನು ಬಡಿಸ್ತಾ ಇದ್ದೆ."

"ನೀನೇ ಹೇಳಬಹುದಿತ್ತಲ್ಲ."

"ಹೇಳಿದ್ರೆ ಅದನ್ನೂ ಪೆನ್ಸಿಲಲ್ಲಿ ಹಿಂದೆ ಬರೆದಿಡ್ತಿದ್ದೆ."

ತಮಾರಾ ಮೆಲ್ಲನೆ ತಟ್ಟೆಗಳನ್ನು ಎತ್ತಿಕೊಂಡಳು. ನೆವೆಂಕಾ ಅವಳ ಕಡೆ ತಿರುಗಿ, ಗಂಡನಿಗೆ ಕೇಳುವಂತೆ, ಮದುವೆಗೆ ಮುಂಚಿನ ತನ್ನ ಫೋಟೋ ಒಂದೂ ಮನೆಯಲ್ಲಿಲ್ಲ ಎಂದಳು. ತಾನು ಹುಟ್ಟಿದ ಜಾಗೊರ್ಯೆಯ ಹಳ್ಳಿಯಲ್ಲಿ ಕ್ಯಾಮೆರಾ ಯಾರ ಹತ್ತಿರ ಇತ್ತು? ಕಾರ್ಖಾನೆಯ ಪಾಸಿಗೆ ಅಂಟಿಸಿದ್ದೊಂದಿತ್ತು, ಕೆಲಸ ಬಿಟ್ಟಾಗ ಅದನ್ನೂ ಕಸಿದುಕೊಂಡರು. ಇವನು ಚೌಕಕ್ಕೆ ಹೋದ ಭಾನುವಾರಗಳಲ್ಲಿ, ಕೋಳಿ ಬೇಯಲು ಇಟ್ಟು, ಆ ಡ್ರಾಯರ್ ತೆಗೆದು ನೋಡುತ್ತಿದ್ದಳು.

ಮುಂದಿನ ವಾರ ಮನೆಯಲ್ಲಿ ಅಡುಗೆಯಾಯಿತು, ಮಾತಾಗಲಿಲ್ಲ. ಆಲೂಗೆಡ್ಡೆ ಹಾಕಿದ ಸೊಪ್ಪಿನ ಪಲ್ಯ, ಬೆಣ್ಣೆಗಿಣ್ಣು ತುಂಬಿದ ಹಿಟ್ಟಿನ ಸುರುಳಿ, ಮೀನು. ಎಲ್ಲಕ್ಕೂ ಉಪ್ಪು ಹದವಾಗಿತ್ತು, ಅದನ್ನು ಹೇಳುವ ಧೈರ್ಯ ಟಿಹೊಮಿರನಿಗೆ ಬರಲಿಲ್ಲ. ಗ್ರಂಥಾಲಯದಿಂದ ಫೋನ್ ಬಂದಾಗ ಹುಷಾರಿಲ್ಲ ಎಂದು ಹೇಳಿಸಿದ. ವಾಪಸ್ ತಗೊಂಡು ಬಾ ಎಂದು ದಾವೊರ್ ಮೂರು ಸಲ ಹೇಳಿದ. ಕೈ ಹೊಡೆದಾಗಿದೆ ಎಂದು ಇವನು ಮೂರು ಸಲವೂ ಅಂದ. "ಕೈ ಹೊಡೆದದ್ದು ಔಷಧಿಯವನ ಜೊತೆಗೆ. ಅಮ್ಮನ ಕೈಯನ್ನೂ ಒಂದು ಸಲ ಹಿಡಿದಿದ್ದೆಯಲ್ಲ, ಇಗರ್ಜಿಯಲ್ಲಿ" ಎಂದ ದಾವೊರ್. ಭಾನುವಾರ ಟಿಹೊಮಿರ್ ಕರಡಿಗಳನ್ನು ಕಟ್ಟಿಕೊಂಡು ಹೊರಟ.

ಕಾರ್ಲೊ ಚೌಕಕ್ಕೆ ಬಂದಿರಲಿಲ್ಲ. ಬೇಕಾದದ್ದು ಸಿಕ್ಕವನು ಯಾಕೆ ಬರುತ್ತಾನೆ? ಟಿಹೊಮಿರ್ ಅವನ ಮನೆ ಹುಡುಕಿಕೊಂಡು ಹೋದ. ಬಾಗಿಲು ತೆರೆದದ್ದೇ ಎದುರು ಗೋಡೆಯ ಮೇಲೆ ನೆವೆಂಕಾ ಕಾಣಿಸಿದಳು. ಕೂರುವ ಕೋಣೆಯ ತುಂಬ ಅವಳೇ, ಗಾಜು ಚೌಕಟ್ಟು ಹಾಕಿ, ಕಣ್ಣಿನ ಮಟ್ಟಕ್ಕೆ ತೂಗುಹಾಕಿದ್ದ. ನಿದ್ದೆ ಹೋದವಳು ಊಟದ ಮೇಜಿನ ಎದುರಿಗಿದ್ದಳು. ಟಿಹೊಮಿರ್ ಕರಡಿಗಳ ಕಟ್ಟನ್ನು ಮುಂದೆ ಹಿಡಿದ. ಮೇಲಿಂದ ಏನು ಬೇಕಾದರೂ ಕೊಡುತ್ತೇನೆ ಎಂದ. ಕಾರ್ಲೊ ತಲೆಯಾಡಿಸಿದ.

"ಅದು ನನ್ನ ಹೆಂಡತಿ" ಎಂದ ಟಿಹೊಮಿರ್ ಕೊನೆಗೆ.

"ಗೊತ್ತು, ಟಿಹೊಮಿರ್ ಅವರೇ. ಒಂದು ಸಲ ಮಳೆ ಬಂದಾಗ ನಿಮಗೆ ಛತ್ರಿ ತಂದಿದ್ರಲ್ಲ ಚೌಕಕ್ಕೆ, ಒಂದು ಕಾಲ ಮೇಲೆ ನಿಂತು ಹಳೇ ಗುಂಡಿಗಳ ಬೆಲೆ ಕೇಳ್ತಿದ್ರು. ಆವತ್ತೇ ಗುರುತು ಹಿಡಿದೆ. ಅದಕ್ಕೇ ನೀವು ಇವನ್ನ ಯಾರಿಗೂ ಮಾರಲ್ಲ ಅಂದ್ಕೊಂಡಿದ್ದೆ." ಅವನು ಚಿಟ್ಟೆ ಟೈ ಸರಿಮಾಡಿಕೊಂಡ. "ನಿಮಗೇ ಗೊತ್ತಿರಲಿಲ್ಲ ಅಂತ ನನಗೆ ಹೊಳೀಲೇ ಇಲ್ಲ ನೋಡಿ. ನಾನು ಕೊಡೋದಿಲ್ಲ, ದಯವಿಟ್ಟು ಕೇಳಬೇಡಿ. ಅವರಿಗೆ ನೋಡಬೇಕು ಅನ್ನಿಸಿದ್ರೆ ಯಾವಾಗ ಬೇಕಾದ್ರೂ ಬರಲಿ."

ಸತ್ತವನ ಮೇಲಿದ್ದ ಹೊಟ್ಟೆಕಿಚ್ಚೇ ಎಷ್ಟೋ ವಾಸಿ ಎನ್ನಿಸಿತು. ಇವನು ಬದುಕಿದ್ದಾನೆ, ಶುಭ್ರವಾಗಿದ್ದಾನೆ, ದಿನಾ ಅವಳೆದುರು ಕೂತು ಊಟ ಮಾಡುತ್ತಾನೆ. ಅವನ ಕೈಗೆ ಅವಳನ್ನು ಒಪ್ಪಿಸಿದವನು ತಾನೇ, ಬೇರೆ ಯಾರೂ ಅಲ್ಲ. ಟಿಹೊಮಿರ್ ಕರಡಿಗಳ ಸಮೇತ ಟ್ರಾಮ್ ಹತ್ತಿ ವಾಪಸಾದ.

ಮನೆಯಲ್ಲಿ ಹೊಗೆ ಹಾಕಿದ ಮಾಂಸದ ಜೊತೆ ಕಾಳು ಬೇಯುತ್ತಿತ್ತು. ನೆವೆಂಕಾ ಅವನ ಕೈಯಲ್ಲಿದ್ದ ಕಟ್ಟು ನೋಡಿ, ವಾರದಲ್ಲಿ ಮೊದಲ ಬಾರಿ ಮಾತಾಡಿದಳು.

"ಕೊಡಲಿಲ್ಲ."

"ಇಲ್ಲ."

"ಮತ್ತೇನಂದ?"

ಸುಳ್ಳು ಹೇಳಬೇಕೆಂದು ಟಿಹೊಮಿರನಿಗೆ ಬಹಳ ಆಸೆಯಾಯಿತು. ಆದರೆ ಹೇಳಿಬಿಟ್ಟ, ಛತ್ರಿ, ಗುಂಡಿ ಎಲ್ಲವನ್ನೂ, ಯಾವಾಗ ಬೇಕಾದರೂ ಬರಲಿ ಅಂದದ್ದನ್ನೂ.

ನೆವೆಂಕಾ ಸೌಟು ಕೆಳಗಿಟ್ಟು ಏಪ್ರನ್ ಬಿಚ್ಚಿದಳು. ಮದುವೆ ಸಮಾರಂಭಗಳಿಗೆ ಹಾಕುವ ಕೆಂಪು ಕೋಟು ತೊಟ್ಟು, ಕಾರಿಡಾರಿನ ಕನ್ನಡಿಯ ಮುಂದೆ ಬೀರುವಿಗೆ ಒತ್ತಿ ನಿಂತು ತುಟಿಗೆ ಬಣ್ಣ ಹಚ್ಚಿಕೊಂಡಳು. ತಮಾರಾ ಹಿಂದೆ ನಿಂತು ಕಾಲರ್ ಸರಿಮಾಡಿದಳು.

"ವಿಳಾಸ ಹೇಳು" ಎಂದಳು ನೆವೆಂಕಾ. ಟಿಹೊಮಿರ್ ಹೇಳಿದ.

"ನಾನೂ ಬರ್ತೀನಿ."

"ನೀನು ಬಂದು ಏನು ಮಾಡ್ತೀಯ? ಗೋಡೆಗೆ ಹಾಕಿದಾನಂತಲ್ಲ. ಹಿಂಬದಿ ಕಾಣಲ್ಲ." ಅವಳು ಚೀಲ ತೋಳಿಗೇರಿಸಿದಳು. "ಕಾಳು ಒಲೆ ಮೇಲಿದೆ. ಕೈಯಾಡಿಸ್ತಾ ಇರು."

ಬಾಗಿಲು ಮುಚ್ಚಿತು. ಹೆಜ್ಜೆ ಸಪ್ಪಳ ಮೆಟ್ಟಿಲಿಳಿಯಿತು. ಟಿಹೊಮಿರ್ ಕೋಟು ಕೂಡ ಬಿಚ್ಚದೆ ಒಲೆಯ ಹತ್ತಿರ ಹೋಗಿ ಸೌಟು ಕೈಗೆತ್ತಿಕೊಂಡ. ತಮಾರಾಳಿಗೆ ಅವನ ಮುಖ ನೋಡಲಾಗಲಿಲ್ಲ.

"ಮಾವ, ಓಡಿ. ಇನ್ನೂ ಕೆಳಗಡೆ ಸಿಗ್ತಾರೆ. ಒಲೆ ನಾನು ನೋಡ್ಕೋತೀನಿ" ಎಂದು ಸೌಟಿಗೆ ಕೈ ಚಾಚಿದಳು.

ಅವನು ಕೊಡಲಿಲ್ಲ.

"ಕೈಯಾಡಿಸೋಕೆ ನನಗೆ ಹೇಳಿ ಹೋಗಿದ್ದಾಳಮ್ಮ" ಎಂದ.